ಆರ್ಗನ್ ನುಡಿಸುವುದೋ, ಬಾರಿಸುವುದೋ, ಊದುವುದೋ?

ಬಳಗದವರಿಗೆಲ್ಲ ನಮಸ್ಕಾರ.

ಲಂಡನ್ನಿನ ಕಾರ್ನ್‌ಹಿಲ್ ಬೀದಿಯಲ್ಲಿ ಸೇಂಟ್ ಮೈಕಲ್ ಎಂಬ ಹಳೆಯ ಚರ್ಚ್ ಇದೆ. ಸೋಮವಾರ ಮಧ್ಯಾಹ್ನ 1 ಗಂಟೆಗೆ ಅಲ್ಲಿ ಪೈಪ್ ಆರ್ಗನ್ ಕೇಳಬಹುದು. ಕೀ ಒತ್ತಿದರೆ ಸಾಲುಸಾಲು ಕೊಳವೆಗಳಲ್ಲಿ ಗಾಳಿ ಹೊಕ್ಕು ದನಿ ಬರುವ ವಾದ್ಯ ಅದು. ಟಿಕೆಟ್ ಇಲ್ಲ. 1916ರಲ್ಲಿ ಹೆರಾಲ್ಡ್ ಡಾರ್ಕ್ ಶುರು ಮಾಡಿದ ರೂಢಿ ಇದು. ಅವರು 50 ವರ್ಷ ಅಲ್ಲೇ ಆರ್ಗನ್ ವಾದಕರಾಗಿದ್ದರು. ಇದರ ಬಗ್ಗೆ ಊರಿನ ಸಂಗೀತದ ಗೆಳೆಯರಿಗಾಗಿ ಒಂದು ಪುಟ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಎಡವಿದೆ.

'ಉಚಿತ ಮಧ್ಯಾಹ್ನದೂಟದ ಆರ್ಗನ್ ಕಚೇರಿ' ಎಂದು ಬರೆದಿದ್ದೆ. ತಂಗಿ ಓದಿ, "ಊಟ ಪುಕ್ಕಟೆನಾ ಅಣ್ಣಾ?" ಅಂದಳು. ತಪ್ಪು ನನ್ನದೇ. 'ಉಚಿತ' ಹೋಗಿ ಊಟಕ್ಕೆ ಅಂಟಿಕೊಂಡಿತ್ತು. ಸುತ್ತ ಬ್ಯಾಂಕು, ಆಫೀಸುಗಳೇ ತುಂಬಿದ ಜಾಗ ಬೇರೆ, 'ಕಚೇರಿ' ಅಂದರೆ ಯಾವ ಕಚೇರಿಯೋ! ಸಂಗೀತದ್ದೇ ಎಂದುಕೊಂಡರೂ ಪಿಟೀಲು, ಮೃದಂಗ ಪಕ್ಕದಲ್ಲಿರಬೇಕು ಅನಿಸುತ್ತದೆ, ಅಲ್ವಾ? ಇಲ್ಲಿ ಒಬ್ಬರೇ. ಕೊನೆಗೆ 'ಊಟದ ಬಿಡುವಿನಲ್ಲಿ ಆರ್ಗನ್ ವಾದನ, ಪ್ರವೇಶ ಉಚಿತ' ಎಂದು ಮಾಡಿದೆ. ಉದ್ದವಾಯಿತು, ಇರಲಿ.

ಇಂಥ ಚರ್ಚನ್ನು ಇಂಗ್ಲಿಷಿನಲ್ಲಿ 'ಸಿಟಿ ಚರ್ಚ್' ಅನ್ನುತ್ತಾರೆ. ಅದನ್ನು 'ನಗರದ ಚರ್ಚ್' ಮಾಡಬೇಡಿ. ಅಲ್ಲಿ ಸಿಟಿ ಅಂದರೆ ಇಡೀ ಲಂಡನ್ ಅಲ್ಲ, ಒಂದು ಚದರ ಮೈಲಿಯಷ್ಟಿರುವ ಹಳೆಯ ಲಂಡನ್ ಮಾತ್ರ. ಬೆಂಗಳೂರಿನವರಿಗೆ 'ಪೇಟೆ' ಅಂದರೆ ಬೇಗ ಅರ್ಥವಾಗುತ್ತದೆ.

ಈಗ ಕ್ರಿಯಾಪದ. ಉತ್ತರ ಕರ್ನಾಟಕದವರು ಪೇಟಿಯನ್ನೂ (ಹಾರ್ಮೋನಿಯಂ) ಬಾರಿಸುತ್ತಾರೆ, ಸಿತಾರನ್ನೂ ಬಾರಿಸುತ್ತಾರೆ. ನಮ್ಮ ಮೈಸೂರು ಕಡೆ 'ಬಾರಿಸು' ಅಂದರೆ ಗಂಟೆ, ನಗಾರಿ. ಅಲ್ಲಿ ಪೆಟ್ಟು ಬೀಳಬೇಕು. ಆರ್ಗನ್ನಿನಲ್ಲಿ ಪೆಟ್ಟಿನ ಕೆಲಸವೇ ಇಲ್ಲ. ಕೀ ಒತ್ತಿದರೆ ಕೊಳವೆಯ ಬುಡಕ್ಕೆ ಗಾಳಿ ಬಿಡುವ ಕವಾಟ ತೆರೆಯುತ್ತದೆ, ಅಷ್ಟೇ. ಗುದ್ದಿದರೂ ಮೆಲ್ಲಗೆ ಒತ್ತಿದರೂ ದನಿಯ ಜೋರು ಒಂದೇ. ಬೆರಳು ತೆಗೆಯುವವರೆಗೂ ಅದು ಇಳಿಯುವುದಿಲ್ಲ. ಹಾಗಂತ 'ಊದು' ಅನ್ನಲೂ ಆಗದು. ಊದುವುದು ತಿದಿ. ಹಿಂದೆ ಅದನ್ನು ಒತ್ತಲು ಬೇರೆ ಆಳುಗಳಿದ್ದರು, ಈಗ ವಿದ್ಯುತ್ ಮೋಟಾರ್. ನಾಟಕ ಕಂಪನಿಯ ಲೆಗ್ ಹಾರ್ಮೋನಿಯಂ ನೆನಪಿಸಿಕೊಳ್ಳಬೇಡಿ. ಅಲ್ಲಿ ಕಾಲು ತುಳಿಯುವುದು ಗಾಳಿಗಾಗಿ, ಇಲ್ಲಿ ಕಾಲೂ ಕೀ ಒತ್ತಿ ಸ್ವರ ಹಿಡಿಯುತ್ತದೆ.

ಹಾಗಾಗಿ ನನ್ನ ಮತ 'ನುಡಿಸು'. ಸುಮ್ನೆ ರೂಢಿ ಎಂದಲ್ಲ. ಇಂಗ್ಲಿಷಿನಲ್ಲಿ ಆರ್ಗನ್ ಕಟ್ಟುವವರು ಕೊಳವೆ ದನಿ ಹೊರಡಿಸಿದರೆ ಮಾತಾಡಿತು ಅನ್ನುತ್ತಾರೆ. ತಡವಾಗಿ ದನಿ ಬಂದರೆ ಮಾತು ನಿಧಾನ ಅನ್ನುತ್ತಾರೆ. ನಮ್ಮ 'ನುಡಿಸು' ಎಂದರೆ ನುಡಿಯುವಂತೆ ಮಾಡು ಎಂದೇ ಅಲ್ಲವೇ?

ಹೆಸರಿನ ವಿಷಯ ಇನ್ನೂ ಮಜವಾಗಿದೆ. ಯಂತ್ರಾನುವಾದ ಮಾಡಿ ನೋಡಿದೆ, 'ಪೈಪ್ ಅಂಗ' ಎಂದು ಬಂತು. ನಕ್ಕೆ, ಆಮೇಲೆ ನಗು ನಿಂತಿತು. ಗ್ರೀಕಿನ 'ಆರ್ಗನಾನ್' ಅಂದರೆ ಸಲಕರಣೆ. ಅದೇ ಪದ ವಾದ್ಯಕ್ಕೂ ಆಯಿತು, ದೇಹದ ಭಾಗಕ್ಕೂ ಆಯಿತು. ನಮ್ಮಲ್ಲೂ 'ಕರಣ' ಹಾಗೇ ಇದೆ. ಉಪಕರಣದಲ್ಲಿ ಅದು ಸಾಧನ, ಕಣ್ಣು ಕಿವಿಗಳಿಗೆ ಹೇಳಿದಾಗ ಇಂದ್ರಿಯ. ಆದರೂ ವಾದ್ಯಕ್ಕೆ 'ಕರಣ' ಎಂದರೆ ಯಾರಿಗೂ ತಿಳಿಯದು. 'ಕೊಳವೆವಾದ್ಯ' ಅಂದರೆ ಕೊಳಲಿನ ನಂಟು ಉಳಿಯುತ್ತದೆ, ಆದರೆ ಕೊಳವೆಬಾವಿ ಕಣ್ಮುಂದೆ ಬರುತ್ತದೆ. ಆರ್ಗನ್ ಆರ್ಗನ್ನೇ ಇರಲಿ.

ಉಳಿದಿದ್ದು ಒಂದೇ ತೊಡಕು. ಕೀಗಳ ಪಕ್ಕದಲ್ಲಿ ಎಳೆಯುವ ಗುಂಡಿಗಳಿರುತ್ತವೆ, ಇಂಗ್ಲಿಷಿನಲ್ಲಿ 'ಸ್ಟಾಪ್'. ಎಳೆದರೆ ಏನೂ ನಿಲ್ಲುವುದಿಲ್ಲ, ಒಂದು ಸಾಲು ಕೊಳವೆಗಳು ಕೆಲಸಕ್ಕೆ ಬರುತ್ತವೆ! ಹಾರ್ಮೋನಿಯಂ ಪೆಟ್ಟಿಗೆಯ ಮುಂದೆಯೂ ಅಂಥ ಗುಂಡಿಗಳಿವೆ. ನಿಮ್ಮ ಕಡೆಯ ಪೆಟ್ಟಿಗೆ ಮಾಸ್ತರರು, ಅದನ್ನು ರಿಪೇರಿ ಮಾಡುವವರು ಅವಕ್ಕೆ ಏನನ್ನುತ್ತಾರೆ? ಯಾವ ಊರಿನ ಮಾತು ಎಂದೂ ತಿಳಿಸಿ.