ಪದಚರ್ಚೆ: ನದಿ ನಿರ್ವಹಣೆಯಲ್ಲಿ ‘ಸಹಭಾಗಿತ್ವ’ ಮತ್ತು ‘ಸಾಮಾಜಿಕ ಕಲಿಕೆ’

ಮಾನ್ಯರೇ,

ತುಂಗಾ ತೀರದ ಗ್ರಾಮ ಪಂಚಾಯಿತಿ ಸದಸ್ಯರು ಓದಲೆಂದು ನದಿ ನಿರ್ವಹಣೆಯ ಬಗ್ಗೆ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಪಬ್ಲಿಕ್ ಪಾರ್ಟಿಸಿಪೇಶನ್’ ಮತ್ತು ‘ಸೋಶಿಯಲ್ ಲರ್ನಿಂಗ್’ ಎಂಬ ಎರಡು ಪರಿಭಾಷೆಗಳು ಅದರಲ್ಲಿ ಪುಟಪುಟಕ್ಕೂ ಬರುತ್ತವೆ. ಎರಡಕ್ಕೂ ಬಳಕೆಯಲ್ಲಿರುವ ಕನ್ನಡ ಪದಗಳು ಅರ್ಥವನ್ನು ಬೇರೆ ಕಡೆಗೆ ಎಳೆಯುತ್ತಿವೆ ಎಂಬುದು ನನ್ನ ಅನಿಸಿಕೆ. ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಮೊದಲನೆಯದಕ್ಕೆ ಸರ್ಕಾರಿ ಬರವಣಿಗೆಯಲ್ಲಿ ‘ಸಾರ್ವಜನಿಕ ಸಹಭಾಗಿತ್ವ’ ಎಂಬ ಪದ ರೂಢಿಯಾಗಿದೆ. ಆದರೆ ರಸ್ತೆ, ಬಸ್ ನಿಲ್ದಾಣಗಳ ವಿಷಯದಲ್ಲಿ ನಾವು ದಿನವೂ ಓದುವ ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ದಲ್ಲಿ ‘ಸಾರ್ವಜನಿಕ’ ಎಂದರೆ ಸರ್ಕಾರ. ನದಿಯ ವಿಷಯಕ್ಕೆ ಬಂದಾಗ ಅದೇ ಪದ ಜನರನ್ನು ಸೂಚಿಸಬೇಕಾಗುತ್ತದೆ. ಒಂದೇ ಪದ ಎದುರುಬದುರಿನ ಎರಡು ಪಕ್ಷಗಳನ್ನೂ ಹೇಳುವಾಗ ಓದುಗರು ತಬ್ಬಿಬ್ಬಾಗುವುದು ಸಹಜ. ಹಾಗಾಗಿ ನಾನು ‘ಜನರ ಪಾಲ್ಗೊಳ್ಳುವಿಕೆ’ ಎಂದು ಬರೆಯುತ್ತಿದ್ದೇನೆ. ‘ಭಾಗವಹಿಸು’ ಎಂದರೆ ಸಭೆಗೆ ಹೋಗಿ ಕುಳಿತು ಬಂದರೂ ಸಾಕು ಎಂಬ ಅರ್ಥ ಈಗ ಗಟ್ಟಿಯಾಗಿಬಿಟ್ಟಿದೆ. ‘ಪಾಲ್ಗೊಳ್ಳು’ ಎಂಬಲ್ಲಿ ಪಾಲನ್ನು ಕೊಳ್ಳುವುದು, ಅಂದರೆ ನಿರ್ಧಾರದಲ್ಲಿ ತನ್ನ ಪಾಲನ್ನು ಪಡೆಯುವುದು, ಇನ್ನೂ ಕಿವಿಗೆ ಕೇಳಿಸುತ್ತದೆ.

ಈ ವ್ಯತ್ಯಾಸ ಕೂದಲು ಸೀಳುವ ಚರ್ಚೆಯಲ್ಲ. ಯುರೋಪಿನ ಒಕ್ಕೂಟವು 2000ದಲ್ಲಿ ಜಾರಿಗೆ ತಂದ ಜಲನೀತಿ ನಿರ್ದೇಶನದ 14ನೆಯ ವಿಧಿಯಲ್ಲಿ ಮಾಹಿತಿ ಒದಗಿಸುವುದು, ಅಭಿಪ್ರಾಯ ಕೇಳುವುದು, ಸಕ್ರಿಯವಾಗಿ ಒಳಗೊಳ್ಳುವುದು ಎಂಬ ಮೂರು ಹಂತಗಳನ್ನು ಕಾಣಬಹುದು. ನದಿ ಕೊಳ್ಳದ ಯೋಜನೆಯ ಕರಡಿನ ಮೇಲೆ ಲಿಖಿತ ಅಭಿಪ್ರಾಯ ಕೊಡಲು ಜನರಿಗೆ ಕನಿಷ್ಠ 6 ತಿಂಗಳ ಕಾಲಾವಕಾಶವಿರಬೇಕೆಂದೂ ಆ ವಿಧಿ ಹೇಳುತ್ತದೆ. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ ಜನರ ಮಾತು ಕೇಳಲು ನಡೆಸುವ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು. ಆ ಸಭೆಯನ್ನು ಕನ್ನಡದಲ್ಲಿ ‘ಸಾರ್ವಜನಿಕ ಅಹವಾಲು ಸಭೆ’ ಎಂದು ಕರೆಯುವುದುಂಟು. ‘ಅಹವಾಲು’ ಮೂಲದಲ್ಲಿ ಸ್ಥಿತಿಗತಿ ಎಂಬರ್ಥದ ಅರಬ್ಬಿ ಪದ. ಕನ್ನಡಕ್ಕೆ ಬಂದಮೇಲೆ ಅದು ಅಧಿಕಾರದಲ್ಲಿರುವವರ ಮುಂದೆ ಸಲ್ಲಿಸುವ ಮೊರೆಯಾಗಿದೆ. ತನ್ನ ಊರಿನ ಹೊಳೆಯ ಬಗ್ಗೆ ಮಾತಾಡಲು ಬಂದವನನ್ನು ಸಭೆಯ ಹೆಸರೇ ಮೊರೆಯಿಡುವವನನ್ನಾಗಿ ಮಾಡಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ‘ಆಲಿಕೆ ಸಭೆ’ ಎಂಬ ರೂಪವನ್ನೂ ಕೆಲವರು ಬಳಸುತ್ತಾರೆ; ಕೇಳಿಸಿಕೊಳ್ಳುವವರ ಕರ್ತವ್ಯವನ್ನು ಅದು ನೆನಪಿಸುವುದರಿಂದ ನನಗೆ ಅದು ಮೇಲೆನಿಸುತ್ತದೆ.

ಹೆಚ್ಚು ತೊಡಕಿರುವುದು ಎರಡನೆಯ ಪರಿಭಾಷೆಯಲ್ಲಿ. ‘ಸಾಮಾಜಿಕ ಕಲಿಕೆ’ ಎಂದು ಬರೆದೊಡನೆ ಬಿ.ಎಡ್. ಓದಿದವರಿಗೆ ಆಲ್ಬರ್ಟ್ ಬಂಡೂರರ ಸಿದ್ಧಾಂತ, ಅಂದರೆ ಇನ್ನೊಬ್ಬರ ನಡವಳಿಕೆಯನ್ನು ನೋಡಿ ಅನುಸರಿಸುತ್ತ ಕಲಿಯುವುದು, ನೆನಪಾಗುತ್ತದೆ. ನದಿ ನಿರ್ವಹಣೆಯಲ್ಲಿ ಈ ಮಾತಿನ ಅರ್ಥವೇ ಬೇರೆ. ಎಂಜಿನಿಯರ್, ರೈತ, ಮೀನುಗಾರ, ಮರಳು ತೆಗೆಯುವವರು, ನಗರದ ನೀರು ಸರಬರಾಜಿನವರು ಎಲ್ಲರೂ ಹೊಳೆಯ ಒಂದೊಂದು ಮಗ್ಗುಲನ್ನು ಬಲ್ಲರು. ಆ ತಿಳಿವಳಿಕೆಗಳನ್ನು ಎದುರುಬದುರು ಇಟ್ಟು, ತಮ್ಮ ಎಣಿಕೆಯನ್ನು ತಿದ್ದಿಕೊಂಡು, ಎಲ್ಲರೂ ಒಪ್ಪುವ ನಡೆಗೆ ಬರುವುದನ್ನು ಅದು ಹೇಳುತ್ತದೆ. ಇಲ್ಲಿ ಕಲಿಸುವವರು ಒಂದು ಕಡೆ, ಕಲಿಯುವವರು ಇನ್ನೊಂದು ಕಡೆ ಎಂಬುದಿಲ್ಲ. ‘ಜನಜಾಗೃತಿ’, ‘ತರಬೇತಿ’ ಎಂಬ ಪದಗಳು ಹೊಂದದಿರುವುದು ಈ ಕಾರಣಕ್ಕೇ.

ಶಿವಮೊಗ್ಗದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂದು ಇಲಾಖೆ ಪ್ರಕಟಿಸುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಊರಿನವರು ಕೇಳುವುದು ಮಾತ್ರ ‘ಮಂಟಪ ಮುಳುಗಿತಾ?’ ಎಂದು. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಕಲ್ಲುಮಂಟಪವೇ ಅವರ ಅಳತೆಗೋಲು. ನೀರು ಮಂಟಪದ ಯಾವ ಮಟ್ಟಕ್ಕೆ ಬಂದರೆ ತಗ್ಗಿನ ಯಾವ ಬೀದಿಗೆ ನುಗ್ಗೀತು ಎಂಬುದನ್ನು ದಡದ ಮನೆಯವರು ಬಲ್ಲರು. ಇನ್ನೆಷ್ಟು ಹೊತ್ತಿನಲ್ಲಿ ಆ ಮಟ್ಟಕ್ಕೆ ಬಂದೀತು ಎಂಬುದನ್ನು ಮೇಲಿನ ಒಳಹರಿವು ನೋಡುತ್ತಿರುವ ಎಂಜಿನಿಯರ್ ಬಲ್ಲರು. ಇವೆರಡೂ ಒಂದೇ ಕಾಗದದ ಮೇಲೆ ಬಂದಾಗಲಷ್ಟೇ ನೆರೆಯ ಮುನ್ನೆಚ್ಚರಿಕೆ ಮನೆಬಾಗಿಲಿಗೆ ಉಪಯೋಗಕ್ಕೆ ಬರುತ್ತದೆ. ಆ ಒಂದು ಕಾಗದವನ್ನು ಕೂಡಿ ಬರೆಯುವ ಕ್ರಿಯೆಗೆ ನನಗೆ ಹೆಸರು ಬೇಕಾಗಿದೆ.

‘ಸಹಕಲಿಕೆ’, ‘ಕೂಡುಕಲಿಕೆ’, ‘ಪರಸ್ಪರ ಕಲಿಕೆ’ ಎಂಬ ಮೂರು ರೂಪಗಳು ನನ್ನ ಮುಂದಿವೆ. ‘ಸಹಕಲಿಕೆ’ ಎಂದರೆ ಶಾಲೆಯ ಗುಂಪು ಚಟುವಟಿಕೆಯಂತೆ ಕೇಳಿಸುತ್ತದೆ. ‘ಪರಸ್ಪರ ಕಲಿಕೆ’ಯಲ್ಲಿ ಕೊಡುಕೊಳ್ಳುವಿಕೆ ಇದೆ, ಆದರೆ ಎಲ್ಲರೂ ಸೇರಿ ಹೊಸದೊಂದನ್ನು ಕಂಡುಕೊಳ್ಳುವ ಅರ್ಥ ಮಸುಕಾಗಿದೆ. ಕೂಡ್ಲಿಯಲ್ಲಿ ತುಂಗೆ-ಭದ್ರೆಯರು ಕೂಡುವುದನ್ನು ಕಂಡಿರುವ ನಮ್ಮ ಸೀಮೆಯವರಿಗೆ ‘ಕೂಡು’ ಹತ್ತಿರದ ಮಾತು. ಸದ್ಯಕ್ಕೆ ‘ಕೂಡುಕಲಿಕೆ’ಯನ್ನೇ ಇಟ್ಟುಕೊಂಡಿದ್ದೇನೆ. ‘ಕೂಡುಕುಟುಂಬ’ದಂತೆ ಇದೂ ನಾಲಿಗೆಗೆ ಒಗ್ಗೀತೆ, ಅಥವಾ ಹೊಸೆದ ಪದವೆಂದು ಓದುಗರು ದಾಟಿಹೋಗುವರೆ?

ಇನ್ನೊಂದು ಕೋರಿಕೆ ಈ ಪತ್ರ ಓದುವ ಮಲೆನಾಡಿನವರಲ್ಲಿ. ಮಳೆ ಹಿಂದೆಗೆದ ಮೇಲೆ ಅಡಿಕೆ ತೋಟದವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟು ಕಟ್ಟುತ್ತಾರಷ್ಟೆ. ಅದಕ್ಕೆ ಮೊದಲು ಹೋದ ವರ್ಷ ಕಟ್ಟು ಎಲ್ಲಿ ಸೋರಿತು, ಕೆಳಗಿನ ತೋಟಕ್ಕೆ ನೀರು ಏಕೆ ತಡವಾಯಿತು, ಈ ಸಲ ಸರದಿ ಹೇಗಿರಬೇಕು ಎಂದು ಕುಳಿತು ಮಾತಾಡುವ ಕ್ರಮವಿದೆ. ಅಲ್ಲಿ ಕೈಗೂಡಿಸುವ ದುಡಿಮೆಗೆ ‘ಮುಯ್ಯಾಳು’ ಎಂಬ ಚೆಂದದ ಹೆಸರಿದೆ. ಕೆರೆಯ ಕೆಳಗೆ ನೀರು ಹಂಚುವವನಿಗೆ ‘ನೀರುಗಂಟಿ’ ಎಂಬ ಹೆಸರಿದೆ. ಕಟ್ಟು ಕಟ್ಟುವ ಮೊದಲಿನ ಆ ಮಾತುಕತೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪ್ರತ್ಯೇಕ ಹೆಸರಿದ್ದರೆ, ಅದನ್ನು ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದಿರಿ ಎಂಬ ವಿವರದೊಂದಿಗೆ ದಯವಿಟ್ಟು ಬರೆಯಿರಿ. ಅಂಥ ಪದ ಸಿಕ್ಕರೆ ‘ಕೂಡುಕಲಿಕೆ’ಯನ್ನು ಕೈಬಿಟ್ಟು ಅದನ್ನೇ ಹೊತ್ತಗೆಯಲ್ಲಿ ಬಳಸುತ್ತೇನೆ.