ಸಹಾಯ ಬೇಕು: ಫ್ರೀಬಿಎಸ್‌ಡಿ ಜೈಲ್‌ ಒಳಗಿಂದ ಪಿಂಗ್ ಹೋಗುತ್ತದೆ, ಟಿಸಿಪಿ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಫ್ರೀಬಿಎಸ್‌ಡಿ (ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್) ಬಳಸುವವರು ಗುಂಪಿನಲ್ಲಿ ಇದ್ದರೆ ದಯವಿಟ್ಟು ಸ್ವಲ್ಪ ನೋಡಿ.

ನಮ್ಮ ಕನ್ನಡ ನಿಘಂಟಿನ ತಾಣ ಒಂದು ಬಾಡಿಗೆ ಕೆವಿಎಂ (ವರ್ಚುವಲ್ ಯಂತ್ರ) ಸರ್ವರ್‌ನಲ್ಲಿದೆ. ಫ್ರೀಬಿಎಸ್‌ಡಿ 14, ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ವೆಬ್‌ಗೆ ಒಂದು ಜೈಲ್ (ಒಂದೇ ಕರ್ನಲ್ ಮೇಲೆ ಪ್ರತ್ಯೇಕವಾಗಿ ಓಡುವ ಪರಿಸರ), ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಇನ್ನೊಂದು. ಮೆಮೊರಿ ಕಡಿಮೆ ಇರುವ ಯಂತ್ರಕ್ಕೆ ಜೈಲ್‌ನಷ್ಟು ಹಗುರವಾದ ವ್ಯವಸ್ಥೆ ನನಗೆ ಬೇರೆ ಕಂಡಿಲ್ಲ. 2000ದ 4.0 ಆವೃತ್ತಿಯಿಂದಲೂ ಇರುವುದರಿಂದ ಪಳಗಿದ್ದು ಕೂಡ.

ಮೊದಲು ಜೈಲ್‌ಗಳು ಹೋಸ್ಟ್‌ನ (ಮೂಲ ಸಿಸ್ಟಮ್‌ನ) ಐಪಿಯನ್ನೇ ಹಂಚಿಕೊಂಡಿದ್ದವು, ತೊಂದರೆ ಇರಲಿಲ್ಲ. ಈಗ ವಿನೆಟ್‌ಗೆ (ಪ್ರತಿ ಜೈಲ್‌ಗೂ ಸ್ವಂತ ನೆಟ್‌ವರ್ಕ್) ಬದಲಾಯಿಸಿದ್ದೇನೆ: ಪ್ರತಿ ಜೈಲ್‌ಗೆ ಒಂದು ಇಪೇರ್ (ಜೋಡಿ ವರ್ಚುವಲ್ ನೆಟ್‌ವರ್ಕ್ ಕಾರ್ಡ್), ಎರಡೂ ಒಂದೇ ಬ್ರಿಡ್ಜ್‌ಗೆ, ಹೊರಗೆ ಹೋಗಲು ಪಿಎಫ್ ಫೈರ್‌ವಾಲ್‌ನಲ್ಲಿ ನ್ಯಾಟ್ (ವಿಳಾಸ ಬದಲಾವಣೆ). ಗೇಟ್‌ವೇ ಆನ್ ಇದೆ.

ಜೈಲ್ ಒಳಗಿಂದ 8.8.8.8ಕ್ಕೆ ಪಿಂಗ್ ಸಲೀಸಾಗಿ ಹೋಗುತ್ತದೆ. ಡಿಎನ್‌ಎಸ್ ಉತ್ತರವೂ ಬರುತ್ತದೆ. ಆದರೆ ಪಿಕೆಜಿ (ಪ್ಯಾಕೇಜ್ ಹಾಕುವ ಕಮಾಂಡ್) ಅಪ್‌ಡೇಟ್ ಕೊಟ್ಟರೆ ಅಲ್ಲೇ ನಿಂತುಬಿಡುತ್ತದೆ. ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್‌ನಲ್ಲಿ ಟಿಸಿಪಿ ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್ ಮತ್ತೆ ಮತ್ತೆ ಹೊರಗೆ ಹೋಗುವುದು ಕಾಣುತ್ತದೆ, ಉತ್ತರವೇ ಇಲ್ಲ. ಅದೇ ಹೋಸ್ಟ್‌ನಿಂದ ನೇರವಾಗಿ ಮಾಡಿದರೆ ಕ್ಷಣದಲ್ಲಿ ಆಗುತ್ತದೆ.

ವಿಟಿನೆಟ್‌ನಲ್ಲಿ (ವರ್ಚುವಲ್ ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್) ಪ್ಯಾಕೆಟ್ ಒಡೆಯುವ, ಜೋಡಿಸುವ ಕೆಲಸವನ್ನು ಕಾರ್ಡ್‌ಗೆ ಬಿಡುವ ಟಿಎಸ್‌ಒ, ಎಲ್‌ಆರ್‌ಒ ಎರಡನ್ನೂ ಆಫ್ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಚೆಕ್‌ಸಮ್ ಆಫ್‌ಲೋಡ್ (ಪ್ಯಾಕೆಟ್‌ನ ತಪ್ಪು ಪರೀಕ್ಷೆಯ ಲೆಕ್ಕವನ್ನು ಕಾರ್ಡ್‌ಗೆ ಬಿಡುವುದು) ಮೇಲೆಯೇ ನನ್ನ ಅನುಮಾನ. ಅದನ್ನು ಐಎಫ್‌ಕಾನ್ಫಿಗ್ ಕಮಾಂಡ್‌ನಲ್ಲಿ ಆಫ್ ಮಾಡಿದರೆ ಸಾಕೇ, ಇಲ್ಲ ಬೂಟ್ ಆಗುವಾಗ ಓದುವ ಲೋಡರ್ ಕಾನ್ಫಿಗ್‌ನಲ್ಲೇ ಹಾಕಿ ರೀಬೂಟ್ ಮಾಡಬೇಕೇ? ತಾಣವನ್ನು ಶಾಲೆ ಮಕ್ಕಳು ಹಗಲೆಲ್ಲ ಬಳಸುತ್ತಾರೆ, ಹಾಗಾಗಿ ರೀಬೂಟ್ ರಾತ್ರಿ ಮಾತ್ರ ಸಾಧ್ಯ.

ಪಿಎಫ್ ನಿಯಮ, ಜೈಲ್ ಕಾನ್ಫಿಗ್ ಎರಡೂ ಬೇಕಿದ್ದರೆ ಹೇಳಿ, ಕಾಮೆಂಟ್‌ನಲ್ಲಿ ಹಾಕುತ್ತೇನೆ.