ಬ್ಯಾಂಕ್ ಭಯಕ್ಕೆ ಬಂಗಾರವೋ, ಕ್ರೂಡ್ ಆಯಿಲ್ಲೋ? ಸಿಎ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನಿವೃತ್ತ ಶಿಕ್ಷಕರು, ಬೆಟಗೇರಿ): ನಮಸ್ಕಾರ ಮೇಡಂ. ನಮ್ಮ ಓಣಿ ಹತ್ತಿರದ ಒಂದು ಸೌಹಾರ್ದ ಸೊಸೈಟಿಯಲ್ಲಿ ಈಚೆಗೆ ಎಫ್‌ಡಿ ಹಣ ಕೇಳಿದವರಿಗೆಲ್ಲ "ಮುಂದಿನ ಸೋಮವಾರ ಬರ್ರಿ" ಅಂತಿದ್ದಾರೆ. ನನ್ನದು ಅಲ್ಲಿ 4 ಲಕ್ಷ ಇದೆ. ಸರ್ಕಾರಿ ಬ್ಯಾಂಕಿನಲ್ಲಿ 9 ಲಕ್ಷ ಇದೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, "ಅಪ್ಪಾ, ಬ್ಯಾಂಕುಗಳ ಕಥೆ ಮುಗೀತು. ಎಲ್ಲಾ ತೆಗೆದು ಅರ್ಧ ಬಂಗಾರಕ್ಕೆ, ಅರ್ಧ ಕ್ರೂಡ್ ಆಯಿಲ್‌ಗೆ ಹಾಕು" ಅನ್ನುತ್ತಾನೆ. ಬಂಗಾರ ಗೊತ್ತು. ಕ್ರೂಡ್ ಆಯಿಲ್ ತಗೊಂಡು ಎಲ್ಲಿ ಇಡೋದ್ರಿ?

ಉತ್ತರ (ಸಿಎ, ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಸರ್. ಬಂಗಾರ, ಕ್ರೂಡ್ ಎರಡೂ ಆಮೇಲೆ. ಮೊದಲು ಆ 4 ಲಕ್ಷದ ಮಾತು.

ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಕೊಡುತ್ತದೆ. ಅಸಲು, ಬಡ್ಡಿ, ಎಸ್‌ಬಿ, ಎಫ್‌ಡಿ, ಎಲ್ಲ ಬ್ರಾಂಚೂ ಸೇರಿ 5 ಲಕ್ಷ. 2020ರ ಫೆಬ್ರವರಿಗೆ ಮುಂಚೆ ಇದು ಬರೀ 1 ಲಕ್ಷ ಇತ್ತು. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಅರ್ಬನ್ ಕೋ-ಆಪರೇಟಿವ್ ಬ್ಯಾಂಕ್, ಗ್ರಾಮೀಣ ಬ್ಯಾಂಕ್ ಎಲ್ಲ ಇದರೊಳಗೆ ಬರುತ್ತವೆ. ಸೌಹಾರ್ದ ಸೊಸೈಟಿ, ಕ್ರೆಡಿಟ್ ಸೊಸೈಟಿ ಬರುವುದಿಲ್ಲ. ಕೌಂಟರ್ ಇರಲಿ, ಪಾಸ್‌ಬುಕ್ ಇರಲಿ, ಪಿಗ್ಮಿ ಏಜೆಂಟ್ ದಿನಾ ಮನೆಗೆ ಬರಲಿ, ಅದು ಬ್ಯಾಂಕ್ ಅಲ್ಲ.

ಸೊಸೈಟಿ ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಗದಗದ ಪಕ್ಕದ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು. ದೇಶಕ್ಕೇ ಮೊದಲನೆಯದು ಅಂತ ಅದಕ್ಕೆ ಹೆಸರು. ಚೆನ್ನಾಗಿ ನಡೆಸುವ ಸಂಘಗಳು ಈಗಲೂ ಬೇಕಾದಷ್ಟಿವೆ. ಆದರೆ ಒಂದೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡುತ್ತಾರೆ ಅಂದರೆ, ವಿಮೆ ಇಲ್ಲದ ರಿಸ್ಕಿಗೆ ಅದು ಬೆಲೆ. ನೀವು ಈಗಲೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಸೋಮವಾರಕ್ಕೆ ಲೆಕ್ಕ ಇರುವುದಿಲ್ಲ. ಒಂದು ಪ್ರತಿ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೂ ಹೋಗಲಿ.

ಸರ್ಕಾರಿ ಬ್ಯಾಂಕಿನ 9 ಲಕ್ಷವನ್ನು ಮುಟ್ಟುವ ಕಾರಣ ನನಗಂತೂ ಕಾಣುವುದಿಲ್ಲ. ಮನಸ್ಸಿಗೆ ನೆಮ್ಮದಿ ಬೇಕು ಅಂದರೆ 5 ಲಕ್ಷ ದಾಟಿದ್ದನ್ನು ಇನ್ನೊಂದು ಬ್ಯಾಂಕಿಗೆ ಹಾಕಿ, ಇಲ್ಲವೇ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಯೋಜನೆಗೆ ಹಾಕಿ.

ಅದೇ ಶಿಕ್ಷಕರು: ಸೊಸೈಟಿಗೆ ವಿಮೆ ಇಲ್ಲ ಅನ್ನೋದು ಇವತ್ತೇ ಗೊತ್ತಾಯಿತು ಮೇಡಂ. ಮಗನಿಗೆ ಏನು ಹೇಳಲಿ? 2008ರಲ್ಲಿ ಬಂಗಾರ, ಕ್ರೂಡ್ ಎರಡೂ ಏರಿದ್ದವು ಅಂತ ಅವನ ವಾದ.

ಉತ್ತರ: ಏರಿದ್ದು ನಿಜ. ಯಾವಾಗ ಏರಿದ್ದು ಅನ್ನೋದು ಮುಖ್ಯ ಅಲ್ವಾ? ಕ್ರೂಡ್ ಬ್ಯಾರಲ್‌ಗೆ 147 ಡಾಲರ್ ಮುಟ್ಟಿದ್ದು 2008ರ ಜುಲೈನಲ್ಲಿ. ಅಮೆರಿಕದ ದೊಡ್ಡ ಬ್ಯಾಂಕ್ ಲೆಹ್ಮನ್ ಬ್ರದರ್ಸ್ ಬಾಗಿಲು ಹಾಕಿದ್ದು ಸೆಪ್ಟೆಂಬರ್ 15ಕ್ಕೆ. ಡಿಸೆಂಬರ್ ಹೊತ್ತಿಗೆ ಅದೇ ಕ್ರೂಡ್ 35 ಡಾಲರಿಗಿಂತ ಕೆಳಗೆ ಬಂದಿತ್ತು. ಬ್ಯಾಂಕ್ ಕುಸಿದ ಮೇಲೆ ಕ್ರೂಡ್ ಕೊಂಡವರ ಗತಿ ನೀವೇ ಊಹಿಸಿ.

2023ರ ಮಾರ್ಚ್ ಇನ್ನೂ ಚೆನ್ನಾಗಿ ಹೇಳುತ್ತದೆ. 10ನೇ ತಾರೀಕು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿತ್ತು. ಎರಡೇ ದಿನಕ್ಕೆ ಸಿಗ್ನೇಚರ್ ಬ್ಯಾಂಕ್. 19ಕ್ಕೆ ಕ್ರೆಡಿಟ್ ಸ್ವಿಸ್ ಅನ್ನು ಯುಬಿಎಸ್ ಕೊಳ್ಳುತ್ತದೆ ಅಂತ ಘೋಷಣೆ. ಆ ದಿನಗಳಲ್ಲಿ ಬಂಗಾರ ಔನ್ಸಿಗೆ 1,810 ಡಾಲರ್ ಆಸುಪಾಸಿನಿಂದ 2,000 ದಾಟಿತು. ಬ್ರೆಂಟ್ ಕ್ರೂಡ್ ಒಂದೇ ವಾರದಲ್ಲಿ 82ರಿಂದ 73ಕ್ಕೆ ಇಳಿಯಿತು. ಸುದ್ದಿ ಒಂದೇ, ಎರಡೂ ಎದುರುಬದುರು ಹೋದವು.

ಕಾರಣ ಕಷ್ಟದ್ದಲ್ಲ. ಬ್ಯಾಂಕ್ ಹೆದರಿದರೆ ಸಾಲ ಕೊಡುವುದು ನಿಲ್ಲಿಸುತ್ತದೆ. ಸಾಲ ನಿಂತರೆ ಫ್ಯಾಕ್ಟರಿ ನಿಧಾನ, ಲಾರಿ ಓಡಾಟ ಕಮ್ಮಿ, ಡೀಸೆಲ್ ಯಾರಿಗೂ ಬೇಡ. ಕ್ರೂಡ್ ಉರಿದು ಹೋಗುವ ಸರಕು, ಬಳಸುವವರು ಇದ್ದರಷ್ಟೇ ರೇಟು. ಬಂಗಾರಕ್ಕೆ ಆ ಹಂಗಿಲ್ಲ. ಅದು ಯಾರೋ ತೀರಿಸಬೇಕಾದ ಸಾಲದ ಪತ್ರವೂ ಅಲ್ಲ. ಕ್ರೂಡ್ ಜಿಗಿಯುವುದು ಯುದ್ಧ ಬಂದಾಗ, ಎಣ್ಣೆ ಮಾರುವ ಒಪೆಕ್ ದೇಶಗಳು ಉತ್ಪಾದನೆ ಕಡಿಮೆ ಮಾಡಿದಾಗ. ಅದು ಬೇರೆ ಭಯ, ಬ್ಯಾಂಕ್ ಭಯ ಅಲ್ಲ.

ಬಂಗಾರವೂ ಮೊದಲ ದಿನದಿಂದಲೇ ಕಾಯುತ್ತದೆ ಅಂದುಕೊಳ್ಳಬೇಡಿ. 2008ರ ಮಾರ್ಚ್‌ನಲ್ಲಿ 1,000 ಡಾಲರ್ ಮುಟ್ಟಿದ್ದು ಅಕ್ಟೋಬರ್‌ನಲ್ಲಿ 700ರ ಆಸುಪಾಸಿಗೆ ಬಿದ್ದಿತ್ತು. ನಗದು ಬೇಕಾದವರು ಕೈಗೆ ಸಿಕ್ಕಿದ್ದನ್ನು ಮಾರಿದರು, ಬಂಗಾರವನ್ನೂ ಮಾರಿದರು. 1,900 ದಾಟಿದ್ದು 2011ರಲ್ಲಿ. ನಮಗೆ 2008ರ ಆ ಪೆಟ್ಟು ಅಷ್ಟು ತಾಗಲಿಲ್ಲ, ಯಾಕೆಂದರೆ ಅದೇ ವರ್ಷ ಡಾಲರ್ 40 ರೂಪಾಯಿ ಆಸುಪಾಸಿನಿಂದ 50ರ ಹತ್ತಿರ ಹೋಗಿತ್ತು. ನಮ್ಮ ಬಂಗಾರದ ರೇಟಿನಲ್ಲಿ ಡಾಲರಿನ ರೇಟೂ ಸೇರಿರುತ್ತದೆ.

ನಿಮ್ಮ ವಯಸ್ಸಿಗೆ ಒಟ್ಟು ದುಡ್ಡಿನ ಹತ್ತನೇ ಒಂದು ಭಾಗ ಬಂಗಾರ ಸಾಕು. ಮನೆಯಲ್ಲಿ ಈಗಾಗಲೇ ಇರುವುದನ್ನೂ ಅದರಲ್ಲೇ ಹಿಡಿಯಿರಿ. ಕ್ರೂಡ್ ಸೊನ್ನೆ.

ಪ್ರಶ್ನೆ (ಗೃಹಿಣಿ, ಕೇಶ್ವಾಪುರ): ಮೇಡಂ, ನಮ್ಮ ಮನೆಯವರು ಎಫ್‌ಡಿ ಮುರಿಸಿ ದೊಡ್ಡ ಪಾಟ್ಲಿ ಮಾಡಿಸೋಣ ಅಂತಾರೆ. ಹಾಕಿಕೊಂಡಂಗೂ ಆಯ್ತು, ಇಟ್ಟಂಗೂ ಆಯ್ತು ಅಂತ. ಸರಿನಾ?

ಉತ್ತರ: ಹಾಕಿಕೊಳ್ಳೋಕೆ ಆಸೆ ಇದ್ದರೆ ಖಂಡಿತ ಮಾಡಿಸಿಕೊಳ್ಳಿ ಅಕ್ಕಾ, ಅದಕ್ಕೆ ಸಿಎ ಯಾಕೆ. ಹೂಡಿಕೆ ಅಂತ ಮಾತ್ರ ಹೆಸರಿಡಬೇಡಿ. 1 ಲಕ್ಷದ ಬಂಗಾರಕ್ಕೆ ನೂರಕ್ಕೆ 10 ಮಜೂರಿ ಹಿಡಿಯಿರಿ, ಜಿಎಸ್‌ಟಿ ಸೇರಿದರೆ 13 ಸಾವಿರದ ಮೇಲೆ ಆಯಿತು. ಮಾರುವಾಗ ಬಂಗಾರದ ತೂಕಕ್ಕಷ್ಟೇ ರೇಟು. ಅಂದರೆ ರೇಟು ಶೇಕಡಾ 13 ಏರುವ ತನಕ ನೀವು ನಷ್ಟದಲ್ಲೇ ಇರುತ್ತೀರಿ. ಹರಳು ಕೂರಿಸಿದ್ದಾದರೆ ಇನ್ನೂ ಜಾಸ್ತಿ ಹೋಗುತ್ತದೆ. ಬಿಲ್ ಇಲ್ಲದೆ ತಗೋಬೇಡಿ. 22 ಕ್ಯಾರೆಟ್‌ಗೆ 916 ಗುರುತು, ಜೊತೆಗೆ ಅಂಕಿ-ಅಕ್ಷರ ಸೇರಿದ 6 ಸ್ಥಾನದ ಎಚ್‌ಯುಐಡಿ (ಆ ಒಡವೆಯ ಗುರುತಿನ ನಂಬರ್) ಇರಬೇಕು. 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಅಂಗಡಿಯಲ್ಲೇ ಲೆನ್ಸ್ ಕೇಳಿ ನೋಡಿಕೊಳ್ಳಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ವಿವರ ಬರುತ್ತದೆ.

ಒಡವೆಗೆ ಒಂದು ಲಾಭ ಇದೆ, ಅದನ್ನೂ ಹೇಳಿಬಿಡುತ್ತೇನೆ. ತುರ್ತಿಗೆ ಅಡ ಇಡಬಹುದು. ಗಟ್ಟಿ ಬಂಗಾರದ ಮೇಲೆ, ಗೋಲ್ಡ್ ಇಟಿಎಫ್ (ಶೇರಿನ ಹಾಗೆ ಕೊಂಡು ಮಾರುವ ಬಂಗಾರದ ಫಂಡ್) ಮೇಲೆ ಬ್ಯಾಂಕುಗಳು ಸಾಲ ಕೊಡುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ಬಿಡುವುದಿಲ್ಲ. ನಾಣ್ಯಕ್ಕೂ 50 ಗ್ರಾಮಿನ ಮಿತಿ ಇದೆ. ಹಾಗಾಗಿ ಮನೆಯಲ್ಲಿ ಇರುವ ಒಡವೆಯನ್ನು ಮಾರಿ ಇಟಿಎಫ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ (ಐಟಿ ಕೆಲಸ, ಧಾರವಾಡ): ಮೇಡಂ, ಹಾಗಾದರೆ ಹೊಸದಾಗಿ ಕೊಳ್ಳುವವರಿಗೆ ದಾರಿ ಯಾವುದು? ಮೊಬೈಲಲ್ಲಿ 100 ರೂಪಾಯಿಗೆ ಡಿಜಿಟಲ್ ಗೋಲ್ಡ್ ಬರುತ್ತದೆ. ಮತ್ತೆ ಕ್ರೂಡ್ ಬದಲು ಒಎನ್‌ಜಿಸಿ, ಎಚ್‌ಪಿಸಿಎಲ್ ಶೇರು ತಗೊಂಡರೆ ಅದೇ ಆಯ್ತಲ್ಲ?

ಉತ್ತರ: ಸಾವರಿನ್ ಗೋಲ್ಡ್ ಬಾಂಡ್ (ಬಂಗಾರದ ರೇಟಿಗೆ ಸರ್ಕಾರವೇ ಮಾರುತ್ತಿದ್ದ ಪತ್ರ) ಇದ್ದಾಗ ನನ್ನ ಉತ್ತರ ಅದೇ ಇರುತ್ತಿತ್ತು. 2015ರ ನವೆಂಬರ್‌ನ ಮೊದಲ ಕಂತಿನಲ್ಲಿ ಗ್ರಾಮಿಗೆ 2,684 ರೂಪಾಯಿ ಕೊಟ್ಟವರಿಗೆ 2023ರಲ್ಲಿ 6,132 ಬಂತು, ಮೇಲೆ ಬಡ್ಡಿ ಬೇರೆ. 2024ರ ಫೆಬ್ರವರಿ ಆದಮೇಲೆ ಸರ್ಕಾರ ಹೊಸ ಕಂತು ತಂದಿಲ್ಲ. ಹಳೆಯವು ಶೇರು ಪೇಟೆಯಲ್ಲಿ ಸಿಗುತ್ತವೆ, ಆದರೆ ಕೊಳ್ಳುವವರು, ಮಾರುವವರು ಇಬ್ಬರೂ ಕಮ್ಮಿ. ಈಗ ಸರಳ ದಾರಿ ಗೋಲ್ಡ್ ಇಟಿಎಫ್. ಡಿಮ್ಯಾಟ್ (ಶೇರು ಇಡುವ) ಖಾತೆ ಬೇಕು, ಮಜೂರಿ ಇಲ್ಲ, ಇವತ್ತು ಮಾರಿದರೆ ಮರುದಿನ ವಹಿವಾಟಿನ ಹೊತ್ತಿಗೆ ದುಡ್ಡು. ಆ್ಯಪ್‌ಗಳ ಡಿಜಿಟಲ್ ಗೋಲ್ಡ್ ತನ್ನ ಹತೋಟಿಯಲ್ಲಿ ಇಲ್ಲ ಅಂತ ಶೇರು ಪೇಟೆ ಕಾಯುವ ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಬ್ಯಾಂಕ್ ನಂಬದೆ ಬಂದವರು ಅದಕ್ಕಿಂತ ಕಮ್ಮಿ ಕಾವಲಿರುವ ಕಡೆ ಹೋಗಿ ದುಡ್ಡು ಇಡುವುದು ಎಂಥ ಜಾಣತನ ಹೇಳಿ!

ಶೇರಿನ ಮಾತು: ಒಎನ್‌ಜಿಸಿ ಎಣ್ಣೆ ತೆಗೆಯುವ ಕಂಪನಿ, ಕ್ರೂಡ್ ಏರಿದರೆ ಅದಕ್ಕೆ ಲಾಭ. ಎಚ್‌ಪಿಸಿಎಲ್ ಕ್ರೂಡ್ ಕೊಂಡು ಪೆಟ್ರೋಲ್ ಮಾರುವ ಕಂಪನಿ, ಏರಿದರೆ ಅದಕ್ಕೆ ಏಟು. 2022ರ ಏಪ್ರಿಲ್‌ನಿಂದ ಜೂನ್‌ವರೆಗೆ ಬಂಕಿನ ರೇಟು ಏರಿಸದೆ ಐಒಸಿ, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ನಷ್ಟ ತೋರಿಸಿದವು. ಒಎನ್‌ಜಿಸಿಗೂ ಪೂರ್ತಿ ಲಾಭ ದಕ್ಕಲಿಲ್ಲ, ಆ ಜುಲೈನಲ್ಲಿ ಸರ್ಕಾರ ವಿಂಡ್‌ಫಾಲ್ ತೆರಿಗೆ (ದಿಢೀರ್ ಲಾಭದ ಮೇಲಿನ ತೆರಿಗೆ) ಹಾಕಿತು. ಅದು ಹೋಗಿದ್ದು 2024ರ ಡಿಸೆಂಬರ್‌ನಲ್ಲಿ. ಕಂಪನಿ ಇಷ್ಟವಾಗಿದ್ದರೆ ಶೇರು ಕೊಳ್ಳಿ. ಕ್ರೂಡ್ ಬದಲು ಅಂತ ಕೊಳ್ಳಬೇಡಿ.

ಪ್ರಶ್ನೆ (ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ): ಮೇಡಂ, ನಾವು ರೇಟು ಇಲ್ಲದಾಗ ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು, ರೇಟು ಬಂದಾಗ ಬಿಡ್ತೀವಿ. ಎಂಸಿಎಕ್ಸ್ ಸರಕು ಪೇಟೆಯಲ್ಲಿ ಕ್ರೂಡ್ ಬಿದ್ದಾಗ ಒಂದು ಲಾಟ್ ಹಿಡಿದು ಕೂತರೆ ಆಗೋದಿಲ್ವಾ? ನಿಜ ಹೇಳಬೇಕಂದ್ರ ಈಗಾಗಲೇ ಒಂದು ಲಾಟ್ ಹಿಡಿದೇನ್ರಿ.

ಉತ್ತರ: ಅಣ್ಣಾರ, ನಿಮ್ಮ ಚೀಲಕ್ಕೆ ಎಕ್ಸ್‌ಪೈರಿ ಇಲ್ಲ. ಬಾಡಿಗೆ ಕಟ್ಟಿಕೊಂಡು ಎಷ್ಟು ತಿಂಗಳಾದರೂ ಕೂರಬಹುದು. ಎಂಸಿಎಕ್ಸ್ ಕ್ರೂಡ್ ವಾಯದೆ (ಮುಂದಿನ ತಾರೀಕಿನ ಒಪ್ಪಂದ) ತಿಂಗಳಿಗೆ ಮುಗಿಯುತ್ತದೆ, ಮಾಲೂ ಕೈಗೆ ಬರುವುದಿಲ್ಲ, ಬರೀ ದುಡ್ಡಿನ ಲೆಕ್ಕ. ಮುಂದುವರಿಸಬೇಕು ಅಂದರೆ ಇದನ್ನು ಮಾರಿ ಮುಂದಿನ ತಿಂಗಳದ್ದು ಕೊಳ್ಳಬೇಕು. ಕ್ರೂಡ್ ಬಿದ್ದಾಗ ಸಾಮಾನ್ಯವಾಗಿ ಮುಂದಿನ ತಿಂಗಳದ್ದು ತುಟ್ಟಿ ಇರುತ್ತದೆ. ಹಾಗೆ ತಿಂಗಳು ತಿಂಗಳು ಸೋರುತ್ತದೆ. ಜೊತೆಗೆ ದಿನಾ ಸಂಜೆ ಮಾರ್ಜಿನ್ (ಬ್ರೋಕರ್ ಹತ್ತಿರ ಇಡುವ ಮುಂಗಡ) ಲೆಕ್ಕ. ಒಂದು ದಿನ ದುಡ್ಡು ತುಂಬದಿದ್ದರೂ ಬ್ರೋಕರ್ ನಿಮ್ಮನ್ನು ಕೇಳದೆ ಲಾಟ್ ಕತ್ತರಿಸಬಹುದು.

2020ರ ಏಪ್ರಿಲ್ 20 ನಿಮಗೆ ನೆನಪಿರಬಹುದು. ಲಾಕ್‌ಡೌನ್ ಅಂತ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ನಮ್ಮ ರಾತ್ರಿಗೆ ಅಮೆರಿಕದಲ್ಲಿ ಮೇ ತಿಂಗಳ ಕ್ರೂಡ್ ವಾಯದೆ ಮೈನಸ್ 37.63 ಡಾಲರಿಗೆ ಮುಗಿಯಿತು. ಎಂಸಿಎಕ್ಸ್ ಬ್ಯಾರಲ್‌ಗೆ ಮೈನಸ್ 2,884 ರೂಪಾಯಿಯಂತೆ ಲೆಕ್ಕ ಮುಗಿಸಿತು. ದೊಡ್ಡ ಲಾಟ್ ಅಂದರೆ 100 ಬ್ಯಾರಲ್. ಕೊಂಡ ಬೆಲೆ ಪೂರ್ತಿ ಹೋಗಿ, ಮೇಲೆ ಲಾಟಿಗೆ 2,88,400 ಕೈಯಿಂದ ಕಟ್ಟಬೇಕಾಯಿತು. "ಹೆಚ್ಚೆಂದರೆ ಸೊನ್ನೆ ಆಗಬಹುದು" ಅಂತ ಹಿಡಿದು ಕೂತವರಿಗೇ ಹೀಗಾಗಿದ್ದು.

ಈಗ ನಿಮ್ಮದು ದೊಡ್ಡ ಲಾಟೋ, 10 ಬ್ಯಾರಲಿನ ಮಿನಿಯೋ ನೋಡಿಕೊಳ್ಳಿ.

ವ್ಯಾಪಾರಿ: ಮಿನಿ ರೀ. ಸ್ವಲ್ಪ ಲಾಭದಾಗೇ ಐತಿ.

ಉತ್ತರ: ಹಾಗಾದರೆ ನಾಳೆ ಬೆಳಿಗ್ಗೆ 9ಕ್ಕೆ ಪೇಟೆ ತೆರೆದ ಕೂಡಲೇ ಬಿಟ್ಟುಬಿಡಿ. ಸಿಕ್ಕ ರೇಟಿಗೆ ಹೋಗುವ ಮಾರ್ಕೆಟ್ ಆರ್ಡರ್ ಬೇಡ, ನಿಮ್ಮ ರೇಟು ಹೇಳುವ ಲಿಮಿಟ್ ಆರ್ಡರ್ ಹಾಕಿ. ಆ ಲಾಭವನ್ನು ವ್ಯಾಪಾರದ ಆದಾಯ ಅಂತ ರಿಟರ್ನ್‌ನಲ್ಲಿ ತೋರಿಸಬೇಕು, ಮೆಣಸಿನಕಾಯಿ ಲೆಕ್ಕದ ಜೊತೆ ಕಲಸಬೇಡಿ. ಬ್ರೋಕರ್ ಹತ್ತಿರ ಕಾಂಟ್ರಾಕ್ಟ್ ನೋಟ್ (ಕೊಂಡು ಮಾರಿದ್ದರ ಚೀಟಿ) ತೆಗೆದು ನನಗೆ ಕಳಿಸಿ.